ಮಾವನವರ ಕಾರಿನ ಹಳದಿ ಕಲೆ

ವಾದದಲ್ಲಿ ಗೆಲ್ಲುವ ಅಭ್ಯಾಸವು ಮನುಷ್ಯನನ್ನು ಬೇರೆ ಯಾವ ಕೆಲಸಕ್ಕೂ ಲಾಯಕ್ಕಾಗಿ ಉಳಿಸುವುದಿಲ್ಲವೆಂಬುದು ನನ್ನ ಅನುಭವ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಬಹುಮಾನಗಳು ಈಗಲೂ ನಂಜನಗೂಡಿನ ನಮ್ಮ ಮನೆಯ ಅಟ್ಟದ ಮೇಲಿವೆ. ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ಸಮಾನ ಶ್ರದ್ಧೆಯಿಂದ ಮಾತನಾಡಿ ಗಳಿಸಿದವು. ಅಂದಿನಿಂದ ಇಂದಿನವರೆಗೆ ಊರೂರು ತಿರುಗಿ ಸರಳ ವಿವಾಹದ ಬಗ್ಗೆ ಭಾಷಣ ಮಾಡುತ್ತಿದ್ದೇನೆ. ಒಡವೆಯ ಹುಚ್ಚನ್ನು ಖಂಡಿಸಲೆಂದೇ ನನ್ನಲ್ಲಿ ಒಂದು ಗಂಟೆಯ ಸಾಮಗ್ರಿಯಿದೆ. ತಗಡೂರಿನಲ್ಲಿ ಅದನ್ನು ಕೇಳುತ್ತಿದ್ದ ಹೆಂಗಸೊಬ್ಬರು ಕೊರಳಿನ ಸರವನ್ನು ಸೆರಗಿನೊಳಕ್ಕೆ ಸೇರಿಸಿಕೊಂಡದ್ದನ್ನು ನಾನು ಸಮಾಜ ಪರಿವರ್ತನೆಯೆಂದೇ ಪರಿಗಣಿಸಿದ್ದೆ. ಕಳ್ಳರ ಭಯಕ್ಕೆ ಹಾಗೆ ಮಾಡಿರಬೇಕೆಂಬುದು ನನ್ನ ಹೆಂಡತಿ ಗಿರಿಜೆಯ ವ್ಯಾಖ್ಯಾನ.

ಇಂತಹ ತಂದೆಯ ಮಗಳಾಗಿ ಹುಟ್ಟಿದ ಸುಮಾ ತನ್ನ ಮದುವೆ ನಿಶ್ಚಯವಾದಾಗ ಒಂದೇ ಒಂದು ಬೇಡಿಕೆ ಮುಂದಿಟ್ಟಳು. “ಅಪ್ಪಾ, ಛತ್ರ ಬೇಡ, ವಾಲಗ ಬೇಡ, ಒಡವೆ ಬೇಡ ಅಂದ್ರಿ, ಎಲ್ಲಾ ಒಪ್ಕೊಂಡೆ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ತಾತನ ಕಾರಲ್ಲಿ ಹೋಗ್ತೀನಿ. ಅದು ಮಾತ್ರ ಆ ಫೋಟೋದಲ್ಲಿರೋ ಹಾಗೆ ಬೆಳ್ಳಗೆ ಹೊಳೀಬೇಕು.”

ತಾತ ಎಂದರೆ ತಿ. ನರಸೀಪುರದ ನಮ್ಮ ಮಾವನವರು. ಅವರ ಹಳೆಯ ಅಂಬಾಸಿಡರ್ ಕಾರಿಗೆ ಒರಗಿ ಹೊಸ ಮದುಮಕ್ಕಳಾಗಿ ಅವರೂ ಅತ್ತೆಯವರೂ ನಿಂತಿರುವ ಫೋಟೋ ಒಂದಿದೆ. ಅದರಲ್ಲಿ ಕಾರಿನ ಮುಂದಿನ ದೀಪದ ಸುತ್ತಿನ ಲೋಹದ ಬಳೆಯಲ್ಲಿ ಫೋಟೋ ತೆಗೆಯುವವನ ಮುಖವೂ ಕಾಣುತ್ತದೆ. ಈಗ ನಮ್ಮ ಮನೆಯ ಮುಂದೆ ಬಂದು ನಿಂತಿದ್ದ ಆ ಕಾರಿನ ಬಳೆಗಳು, ಬಾಗಿಲಿನ ಹಿಡಿಗಳು, ಪಕ್ಕದ ಉದ್ದನೆಯ ಪಟ್ಟಿಗಳು ಎಲ್ಲವೂ ಮಂಕಾಗಿ, ಮೇಲಿನ ಕ್ರೋಮ್ ಲೇಪ ಅಲ್ಲಲ್ಲಿ ಸಿಪ್ಪೆಯೆದ್ದಿತ್ತು.

ಗ್ಯಾರೇಜಿನ ಮಾದಪ್ಪನನ್ನು ಕೇಳಿದೆ. “ಮೈಸೂರಲ್ಲಿ ಕ್ರೋಮ್ ಆಕುಸ್ಬುಡಿ ಸಾ, ಒಸಾದಂಗೆ ಆಯ್ತದೆ” ಎಂದ. ಆ ಲೇಪದ ವಿಷದ ನೀರು ಕಡೆಗೆ ಯಾವ ಹೊಳೆಯನ್ನು ಸೇರುತ್ತದೆಂಬುದನ್ನು ನಾನು ಅವನಿಗೆ ವಿವರಿಸಿದೆ. ಕೊನೆಯವರೆಗೂ ಕೇಳಿ, ಸ್ಪ್ಯಾನರ್ ಒರೆಸುತ್ತಾ ಅವನೆಂದ: “ನೀವೇಳೋದು ದಿಟವೇ ಸಾ. ಆದ್ರೆ ಕಾರು ಭಾಸಣ ಕೇಳಾಕಿಲ್ಲ. ಬ್ಯಾಡ ಅಂದ್ರೆ ಸುಮ್ಕೆ ಮೆತ್ತನೆ ಬಟ್ಟೇಲಿ ಒರೆಸಿ, ಒಸಿ ಮೇಣ ಹಚ್ಚಿ. ಉಜ್ಬೇಡಿ ಮಾತ್ರ.”

ಉಜ್ಜಬಾರದೆಂಬ ಮಾತಿಗೆ ಆಧಾರವೇನೆಂದು ಅವನು ಹೇಳಲಿಲ್ಲ. ಆಧಾರವಿಲ್ಲದ ಮಾತನ್ನು ಒಪ್ಪುವುದು ನನ್ನ ಶಿಕ್ಷಣಕ್ಕೆ ವಿರುದ್ಧ. ಆ ವಾರದ ಶುಕ್ರವಾರ ಗಿರಿಜೆ ದೇವರ ದೀಪಗಳನ್ನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದಳು. ದೇಶೀಯ, ನಿರಪಾಯ, ಅಗ್ಗ! ಉಳಿದ ಹುಣಸೆಹಣ್ಣು, ಇಟ್ಟಿಗೆ ಪುಡಿ, ನಾರನ್ನೆಲ್ಲ ಎತ್ತಿಕೊಂಡು ಕಾರಿನ ಮುಂದೆ ಕುಳಿತೆ.

ಮೊದಲ ದಿನ ಮಂಕು ಹೋಯಿತು. ಎರಡನೆಯ ದಿನ ಬಲಗಡೆಯ ಬಳೆಯಲ್ಲಿ ತೊಗರಿಬೇಳೆಯಷ್ಟು ಹಳದಿ ಕಲೆಯೊಂದು ಕಾಣಿಸಿತು. ಹಳೆಯ ಕೊಳೆಯೆಂದು ಬಗೆದು ಬಲವಾಗಿ ತಿಕ್ಕಿದೆ, ಅದು ಅವರೆಕಾಳಿನಷ್ಟಾಯಿತು. ಸಮಾಜದ ಕೆಡುಕುಗಳೂ ಕೆದಕಿದಾಗಲೇ ಪೂರ್ತಿ ಬಯಲಾಗುತ್ತವೆಂಬ ತತ್ತ್ವ ಹೊಳೆದು, ದುಪ್ಪಟ್ಟು ಹುಮ್ಮಸ್ಸಿನಿಂದ ಮುಂದುವರಿದೆ. ಬುಧವಾರದ ಹೊತ್ತಿಗೆ ಕಲೆ ಅಂಗೈಯಗಲವಾಗಿತ್ತು.

ಗಿರಿಜೆ ಬಾಗಿಲಲ್ಲಿ ನಿಂತು ನೋಡಿದಳು. “ರೀ, ಅದು ಕಲೆ ಅಲ್ಲ ಅನ್ಸುತ್ತೆ ಕಣ್ರೀ.”

“ಅನ್ನಿಸುವುದು ಬೇರೆ, ಸಾಬೀತಾಗುವುದು ಬೇರೆ” ಎಂದೆ.

“ಮದ್ವೆ ಆದಾಗಿನಿಂದ ಹಿತ್ತಾಳೆ ತಿಕ್ತಿದೀನಿ. ಅದರ ಮುಖ ನಂಗೆ ಗೊತ್ತಾಗಲ್ವಾ?” ಎಂದು ಒಳಗೆ ಹೋದಳು.

ಶನಿವಾರ ಎಂಜಿನ್ ನೋಡಲು ಬಂದ ಮಾದಪ್ಪ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಹಳದಿಯನ್ನು ಉಗುರಿನಿಂದ ಕೆರೆದು ನೋಡಿದ. “ಒಳಗಿರಾದೇ ಇತ್ತಾಳೆ ಸಾ. ಬೆಳ್ಳಗಿದ್ದುದ್ದು ಮೇಲ್ಗಡೆ ತೊಗ್ಲು. ಅದ್ನ ಸುಲ್ದಾಕ್ಬುಟ್ಟಿದ್ದೀರಿ.”

ಸೋಮವಾರ ಮದುವೆ. ಲೇಪ ಹಾಕಿಸಲು ನಾನು ಸಿದ್ಧಾಂತ ಬಿಟ್ಟರೂ ಸಮಯವಿರಲಿಲ್ಲ. “ಈಗೇನು ಮಾಡುವುದು ಮಾದಪ್ಪ?”

“ಉಳ್ದಿರಾದ್ನೂ ತಿಕ್ಬುಡಿ. ಅರ್ಧಂಬರ್ಧ ಬುಟ್ರೆ ಕಾರ್ಗೆ ಚಿಬ್ಬು ಬಂದಂಗೆ ಕಾಣ್ತದೆ.”

ಭಾನುವಾರವಿಡೀ ತಿಕ್ಕಿ, ಟಾರ್ಪಾಲು ಹೊದಿಸಿದೆ. ಸೋಮವಾರ ಬೆಳಿಗ್ಗೆ ಅದನ್ನು ಎಳೆದಾಗ ಕಾರಿನ ಕಣ್ಣು, ಕಿವಿ, ಪಕ್ಕೆಗಳೆಲ್ಲ ಬಿಸಿಲಿಗೆ ಧಗಧಗಿಸಿದವು. ಸುಮಾಗೆ ಹೇಳಲೆಂದು ಮೂರು ಸಮರ್ಥನೆಗಳನ್ನು ಜೋಡಿಸಿಟ್ಟುಕೊಂಡಿದ್ದೆ.

“ಬೆಳ್ಳಗೆ ಅಂದಿದ್ದೆ ಅಪ್ಪಾ” ಎಂದಳು.

“ಹೌದಮ್ಮ” ಎಂದೆ. ಮೂರು ಸಮರ್ಥನೆಗಳನ್ನೂ ಟಾರ್ಪಾಲಿನ ಜೊತೆಗೇ ಮಡಿಚಿಟ್ಟೆ.

ಅವಳು ಕಣ್ಣು ಒರೆಸಿಕೊಂಡಳೋ, ಕಾಡಿಗೆ ಸರಿಪಡಿಸಿಕೊಂಡಳೋ ತಿಳಿಯದು. ಬಗ್ಗಿ ದೀಪದ ಬಳೆಯಲ್ಲಿ ಮುಖ ನೋಡಿ, ಮುಡಿದ ಹೂವನ್ನು ಒಂದಿಷ್ಟು ಎಡಕ್ಕೆ ಸರಿಸಿ, ಕಾರು ಹತ್ತಿದಳು.

ಕಚೇರಿಯ ಮುಂದೆ ಇಳಿಯುವಷ್ಟರಲ್ಲಿ ಜನ ಸುತ್ತುವರಿದಿದ್ದರು. ಹೆಮ್ಮರಗಾಲದಿಂದ ಬಂದಿದ್ದ ನಮ್ಮ ಚಿಕ್ಕಪ್ಪ ಒಂದು ಸುತ್ತು ಹಾಕಿ, ಬಾಗಿಲಿನ ಹಿಡಿಯನ್ನು ಸವರಿ, ಎಲ್ಲರಿಗೂ ಕೇಳುವಂತೆ ಅಂದರು: “ಆಹಾ ನಮ್ ಬಾಸಣದ ಮೇಷ್ಟ್ರೇ! ಮಗಳ ಕತ್ಗೆ ಒಂದೆಳೆ ಸರ ಇಲ್ಲ, ಕಾರ್ಗೆ ಚಿನ್ನದ ನೀರು ಬುಡ್ಸಿದ್ದೀಯಲ್ಲಾ ಮಗಾ!”

ಬೀಗರು ತಿರುಗಿ ನೋಡಿದರು. ಸುಮಾ ತುಟಿ ಕಚ್ಚಿ ನಗು ತಡೆದುಕೊಂಡು, ಉತ್ತರವನ್ನು ನನಗೇ ಬಿಟ್ಟಳು. ನನ್ನ ಮುಂದಿದ್ದ ದಾರಿಗಳು ಎರಡೇ: ಹತ್ತು ದಿನ ಕಷ್ಟಪಟ್ಟು ಒಳ್ಳೆಯ ಕ್ರೋಮನ್ನು ಸುಲಿದು ಹಾಕಿದ ದಡ್ಡ ನಾನೆಂದು ಸಭೆಯಲ್ಲಿ ಒಪ್ಪಿಕೊಳ್ಳುವುದು, ಇಲ್ಲವೇ ಜೀವಮಾನವೆಲ್ಲ ಖಂಡಿಸಿದ ಆಡಂಬರದ ಆರೋಪವನ್ನು ಹೊತ್ತುಕೊಳ್ಳುವುದು. ತೂಗಿ ನೋಡಿದೆ. ಎರಡನೆಯದೇ ಹಗುರವೆನಿಸಿತು.

“ಏನ್ ಮಾಡೋದು ಚಿಕ್ಕಪ್ಪ” ಎಂದೆ, “ಒಬ್ಬಳೇ ಮಗಳು.”