ಇಂಗ್ಲಿಷ್ ಪಿರಿಯಡ್ಡಿನಲ್ಲಿ ಯಾರು ಸತ್ತರು?

ಸಾಲಿ ಇರುವ ತನಕ ಇಂಥವು ಆಗುತ್ತಲೇ ಇರುತ್ತವೆ. ಸಾಲಿ ಮುಚ್ಚಿದ ಮೇಲೂ ಆಗುತ್ತವೆ, ನಗುವವರು ಇರುವುದಿಲ್ಲ ಅಷ್ಟೆ. ನಾನು ಸಾಲಿ ಕಲಿತವನಲ್ಲ, ವಾಡಿ ಹತ್ತಿರದ ಹೈಸ್ಕೂಲಿನಲ್ಲಿ ಗಂಟಿ ಬಾರಿಸುವ ಮುದುಕ, ಎಲ್ಲರ ಬಾಯಲ್ಲಿ ಮುತ್ಯಾ. ಆದರೆ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ, ಈ ನಾಲ್ಕೂ ಸೀಮೆಯೊಳಗೆ ನನ್ನಂಗ ಕತೆ ಹೇಳುವವನು ಹುಟ್ಟಿಲ್ಲ. ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಕತೆ ಶುರು ಮಾಡಿದೆ. ಡ್ರೈವರ್ ಇಳಿದು ಬಂದು ಕುಂತ. ಮುಗಿಯುವ ತನಕ ಮುಂಬೈ ಗಾಡಿ ಹೊರಡಲೇ ಇಲ್ಲ. ಸುಳ್ಳೆನಿಸಿದರೆ ಆ ಗಾಡಿಯನ್ನೇ ಕೇಳ್ರಿ.

ಈಗ ಹೇಳುವುದು ನಮ್ಮ ಇಂಗ್ಲಿಷ್ ಮೇಡಂ ಸುದ್ದಿ. ಅತಿಥಿ ಶಿಕ್ಷಕಿ. ದೇಶದೇಶದ ಕತೆ ಓದಿಸಿ, ಮಕ್ಕಳು ಸ್ವಂತ ಇಂಗ್ಲಿಷ್ ಬರೆಯುವಂತೆ ಮಾಡಬೇಕು. ಶಿಕ್ಷಣ ಇಲಾಖೆ ಸಾಹೇಬರು ನೋಡಿ ಒಪ್ಪಿದರೆ ಮುಂದಿನ ವರ್ಷವೂ ಕೆಲಸ, ಇಲ್ಲದಿದ್ದರೆ ಮನೆ. ಆ ಮನೆಯಲ್ಲಿ ದುಡಿಯುವವರು ಅವರೊಬ್ಬರೇ.

ಹೂಂ

ನಮ್ಮ ಕಡೆ ಕತೆ ಕೇಳುವವರು ಮಾತುಮಾತಿಗೆ 'ಹೂಂ' ಅನ್ನಬೇಕು. ಅನ್ನದಿದ್ದರೆ ಹೇಳುವವನು ಅಲ್ಲಿಗೇ ನಿಲ್ಲಿಸಿ ಎದ್ದು ಹೋಗುತ್ತಾನೆ. ಮೇಡಂ ಮೊದಲ ದಿನ ಯಾವುದೋ ಹಿಮದ ದೇಶದ ಕತೆ ತೆಗೆದರು. ಒಂದು ಸಾಲು ಓದಿದರು, ಇಡೀ ಕ್ಲಾಸು 'ಹೂಂ'. ಇನ್ನೊಂದು ಸಾಲು, ಮತ್ತೆ 'ಹೂಂ'.

"ಚ್ಯಾಷ್ಟಿ ಮಾಡ್ಲಿಕತ್ತೀರೇನು?" ಮೇಡಂ ಸಿಡುಕಿದರು.

ನಾನು ಕಿಟಕಿಯಲ್ಲಿ ಮುಖ ಹಾಕಿ, "ಮೇಡಂ ರಿ, ಮರ್ಯಾದಿ ಕೊಡ್ಲಿಕತ್ತಾರ. ನೀವು ಓದ್ರಿ" ಅಂದೆ.

ಓದಿ ಮುಗಿಸಿ ಕೇಳಿದರು, "ತಿಳೀತೇನು?"

"ಇಲ್ರೀ ಟೀಚರ್. ನೀವು ಎದ್ದು ಹೋಗಬಾರದಂತ 'ಹೂಂ' ಅಂದ್ವಿ."

ಬುತ್ತಿ

ಇನ್ನೊಂದು ಕತೆಯಲ್ಲಿ ಒಬ್ಬ ಮುದುಕಿ ಚಳಿಗೆ ಸತ್ತಳು. ಓದುತ್ತ ಓದುತ್ತ ಮೇಡಂ ಕಣ್ಣಲ್ಲಿ ನೀರು. ಅದನ್ನು ಕಂಡ ಹುಡುಗಿಯೊಬ್ಬಳು ಮನೆಯಲ್ಲಿ, "ಮೇಡಮ್ಮೋರ ಮುದುಕಿ ಹೋತು, ಭಾಳ ಅತ್ರು" ಎಂದು ಹೇಳಿದಳಂತೆ. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಹೊರಗಿನವರೇ ಬುತ್ತಿ ತರಬೇಕು. ಮರುದಿನ ಅವಳ ಅಜ್ಜಿ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಸಾಲಿಗೇ ಬಂದಳು.

"ಅಜ್ಜಿ, ಯಾರೂ ಸತ್ತಿಲ್ಲ. ಅದು ಕತಿ" ಅಂದರು ಮೇಡಂ.

"ಕತ್ಯಾಗ ಸತ್ತರೇನು, ನೀ ಅತ್ತಿದ್ದು ಖರೇ ಹೌದಿಲ್ಲೋ? ಉಣ್ಣವ್ವಾ."

ಮೇಡಂ ಉಂಡರು. ನಾನೂ ಉಂಡೆ. ನಾನು ಉಂಡ ರೊಟ್ಟಿ ಪೇರಿಸಿದ್ದರೆ ಧ್ವಜದ ಕಂಬ ಗಿಡ್ಡಾಗುತ್ತಿತ್ತು. ಅವತ್ತಿನಿಂದ ಗಂಟಿ ಬಾರಿಸುವ ಮೊದಲು ದಿನಾ ಕೇಳುತ್ತಿದ್ದೆ:

"ಮೇಡಂ ರಿ, ಇವತ್ತು ಯಾರರೆ ಸಾಯ್ತಾರೇನು?"

ಜ್ವರ

ಕಡೆಗೆ ಸಾಹೇಬರು ಬಂದರು.

"ಇಂಗ್ಲಿಷಿನ್ಯಾಗ ಏನರೆ ಬರೀರಿ" ಅಂದರು ಸಾಹೇಬರು ಮಕ್ಕಳಿಗೆ.

ಮೇಡಂ ಬರುವುದಕ್ಕಿಂತ ಎಷ್ಟೋ ಮೊದಲಿನಿಂದ ಆ ಮಕ್ಕಳಿಗೆ ಬಾಯಿಪಾಠ ಆಗಿದ್ದು ಒಂದೇ: ಜ್ವರ ಬಂದಿದೆ, ರಜೆ ಕೊಡಿ ಎಂಬ ಅರ್ಜಿ. ಹೆದರಿಕೆಯಲ್ಲಿ ಎಲ್ಲರೂ ಅದನ್ನೇ ಬರೆದರು. ಸಾಹೇಬರು ಓದುತ್ತಾ ಹೋದರು: ಇವನಿಗೂ ಜ್ವರ, ಅವಳಿಗೂ ಜ್ವರ. ಅರ್ಧಕ್ಕೆ ಬರುವಷ್ಟರಲ್ಲಿ ಮೂಗಿಗೆ ಕರ್ಚೀಫು ಬಂತು.

"ಸರ್, ಇನ್ನೊಂದ್ ಸಲ ನೋಡ್ರಿ" ಎಂದು ಮೇಡಂ ಕೈ ಮುಗಿದರು.

"ಸೋಮವಾರ ಇವರ ಸ್ವಂತ ಬರಹ ನನ್ನ ಕಚೇರಿಗೆ ಕಳಿಸ್ರಿ. ಅದನ್ನ ನೋಡಿ ಹೇಳ್ತೀನಿ."

ಜೀಪು ಹತ್ತುವಾಗ ನನ್ನ ಹಣೆ ಮುಟ್ಟಿ ನೋಡಿದರು. "ನಿನಗೂ ಜ್ವರ ಅದ ಏನೋ ಮುತ್ಯಾ?"

"ನನಗ ಬರೀಲಿಕ್ಕೆ ಬರೂದಿಲ್ರಿ ಸಾಹೇಬ್ರ, ಅದಕ್ಕೇ ಆರಾಮ ಇದ್ದೀನಿ."

ಕಲ್ಲು

ಮೇಡಂ ಮಕ್ಕಳಿಗೆ ಹೇಳಿ ಕಳಿಸಿದರು: "ನಿಮ್ಮ ಮನೀ ಬಗ್ಗೆ ನಾಕು ಸಾಲು, ನಿಮ್ಮದೇ ಮಾತು. ಅಳಿಸಿ ಹೋಗಬಾರದು, ಹಂಗ ಬರೀರಿ."

ನಮ್ಮ ಮಕ್ಕಳು ರಾವೂರ ಕಡೆ ಕಲ್ಲಿನ ಖಣಿಯಲ್ಲಿ ದುಡಿಯುವವರ ಮಕ್ಕಳು. ಅಳಿಯದ ಬರಹ ಎಂದರೆ ಆ ಮನೆಗಳಲ್ಲಿ ಗೊತ್ತಿರುವುದು ಒಂದೇ, ಸತ್ತವರ ಸಮಾಧಿ ಕಲ್ಲಿನದು. ಮಕ್ಕಳು ಸುಣ್ಣದಕಡ್ಡಿಯಲ್ಲಿ ಬರೆದುಕೊಟ್ಟರು, ಅಪ್ಪಂದಿರು ಉಳಿ ಹಿಡಿದು ಕೆತ್ತಿದರು. ಸೋಮವಾರ ಸಾಲಿ ಮುಂದೆ ಟ್ರ್ಯಾಕ್ಟರ್ ತುಂಬ ನೆಲಕ್ಕೆ ಹಾಸುವ ಪರಸಿ ಕಲ್ಲು, ಒಂದೊಂದರ ಮೇಲೂ ಹೆಸರು, ಕೆಳಗೆ ಇಂಗ್ಲಿಷ್.

ಮೇಡಂ ತಲೆ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಒಂದು ಕಲ್ಲು ಓದಿ ನನಗೆ ಕನ್ನಡದಲ್ಲಿ ಹೇಳಿದರು: "ನಮ್ಮಪ್ಪ ಕಲ್ಲು ಒಡೀತಾನ. ರಾತ್ರಿ ಕೆಮ್ಮತಾನ. ಕೆಮ್ಮು ನಿಂತರ ನಾವು ಎದ್ದು ನೋಡ್ತೀವಿ."

ಇಂಗ್ಲಿಷಿನಲ್ಲಿ ತಪ್ಪಿತ್ತೋ ಏನೋ, ಮೇಡಂ ತಿದ್ದಲಿಲ್ಲ. ಕಲ್ಲನ್ನು ಹೆಂಗ ತಿದ್ದುವುದು?

ಕಚೇರಿಗೆ ನಾನೇ ಒಯ್ದೆ. ಒಂದೊಂದು ಕಲ್ಲು ಎಮ್ಮೆ ತೂಕ, ಎರಡೆರಡು ಕಂಕುಳಲ್ಲಿ ಹಿಡಿದು ಇಳಿಸಿದೆ. ಸಾಕ್ಷಿಗೆ ಟ್ರ್ಯಾಕ್ಟರ್ ಡ್ರೈವರ್ ಇದ್ದಾನೆ, ಆದರೆ ಅವನು ಭಾಳ ಸುಳ್ಳ. ಅಂಗಳದ ಗೋಡೆಗೆ ಸಾಲಾಗಿ ನಿಲ್ಲಿಸಿದೆ. ಸಾಹೇಬರು ಹೊರಗೆ ಬಂದವರು ಚಪ್ಪಲಿ ಬಿಟ್ಟು ಕೈ ಮುಗಿದು ನಿಂತರು.

"ಯವ್ವಾ! ಇಷ್ಟು ಮಕ್ಕಳು ಯಾವಾಗ ಹೋದ್ರೋ ಮುತ್ಯಾ?"

"ಇನ್ನಾ ಯಾರೂ ಹೋಗಿಲ್ರಿ. ಮೇಡಮ್ಮೋರ ಕೆಲಸ ಇರ್ತದೋ ಹೋಗ್ತದೋ ನೀವು ಹೇಳ್ರಿ. ಹೋಗೂ ತಾರೀಖಿಗೆ ತೆಳಗ ಜಾಗ ಬಿಟ್ಟೀವಿ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಮ್ಮಿನ ಕಲ್ಲನ್ನು ಎರಡು ಸಲ ಓದಿದರು. ನನಗೆ ಚಹಾ ಕುಡಿಸಿದರು. ಮುಂದಿನ ವರ್ಷದ ಆರ್ಡರ್ ಮಾತ್ರ ಬರಲಿಲ್ಲ. ಮೇಡಂ ಹೋದರು. ಇಂಗ್ಲಿಷ್ ಪಿರಿಯಡ್ಡಿಗೆ ಈಗಲೂ ಗಂಟಿ ಬಾರಿಸುತ್ತೇನೆ. ಮಕ್ಕಳು ಕುಂತಿರುತ್ತಾರೆ, ಓದಿ ಹೇಳುವವರು ಇಲ್ಲ.

ಮೊನ್ನೆ ವಾಡಿ ಸಂತೆಯಲ್ಲಿ ಕಲ್ಲು ಕೆತ್ತಿಕೊಟ್ಟ ಅಪ್ಪಂದಿರಲ್ಲಿ ಒಬ್ಬ ಸಿಕ್ಕ. ಮೇಡಂ ಹೋದ ಸುದ್ದಿ ಕೇಳಿ ಬಹಳ ಹೊತ್ತು ಕೆಮ್ಮಿದ. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಹಂಗಾದ್ರ ಮುತ್ಯಾ, ಬಿಟ್ಟ ಜಾಗದಾಗ ತಾರೀಖು ಕೆತ್ತಲೇನು?"