ದೆವ್ವಕ್ಕೆ ಕೋಣೆ ಬಿಟ್ಟುಕೊಡುವ ಬಗ್ಗೆ

ಇಂದ,
ಚಿತ್ರಕಥೆ ಬರೆಯುವವನು,
ಸೆಟ್ಟಿನ ಹಿಂದಿನ ಮಡಚುವ ಕುರ್ಚಿ.

ಗೆ,
ಮಾನ್ಯ ನಿರ್ಮಾಪಕರು,
ಏಸಿ ಇರುವ ವ್ಯಾನು.

ವಿಷಯ: ಚಿತ್ರದ ದೆವ್ವವು ಸತ್ತೇ ಇರಲು ಅನುಮತಿ ಹಾಗೂ ನನಗೆ ಎರಡು ದಿನಗಳ ರಜೆ ಕೋರಿ.

ಉಲ್ಲೇಖ: ೧) "ದೆವ್ವ ಸ್ವಲ್ಪ ಫ್ಯಾಮಿಲಿ ಟೈಪ್ ಇರಲಿ" ಎಂಬ ತಮ್ಮ ಮೌಖಿಕ ಆದೇಶ.
೨) ಇಪ್ಪತ್ತೇಳನೆಯ ದೃಶ್ಯ ನೋಡಿ "ಇದನ್ನ ಕಿತ್ತುಹಾಕಿ" ಎಂದ ನಿನ್ನೆಯ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ನಾವು ತೆರೆಗೆ ತರುತ್ತಿರುವುದು ನೂರು ವರ್ಷ ಹಳೆಯ ಭಯಾನಕ ಕಾದಂಬರಿ. ಗುಡ್ಡದ ಮೇಲೊಂದು ಕಲ್ಲಿನ ಬಂಗಲೆ. ಯಜಮಾನ ಮದುವೆಯಾಗಿ ಹೆಂಡತಿಯನ್ನು ಕರೆತರುತ್ತಾನೆ. ಸತ್ತುಹೋದ ಅವನ ಅಕ್ಕ ತನ್ನ ಕೋಣೆ ಹುಡುಕಿಕೊಂಡು ಮಹಡಿಯಲ್ಲಿ ಓಡಾಡುತ್ತಾಳೆ. ಇದನ್ನೇ ಏಕೆ ಆರಿಸಿದೆ ಎಂದು ತಾವು ಕೇಳಿದಾಗ "ಹಕ್ಕುಸ್ವಾಮ್ಯ ಮುಗಿದಿದೆ ಸಾರ್" ಎಂದಿದ್ದೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ.

೨. ಮೊದಲ ಆವೃತ್ತಿಯಲ್ಲಿ ದೆವ್ವ ಸತ್ತಿತ್ತು. "ಸಾವು ಅಂದ್ರೆ ಜನಕ್ಕೆ ಬೇಜಾರು" ಎಂದು ತಾವು ಅಂದ ಕಾರಣ ಎರಡನೆಯದರಲ್ಲಿ ಕೋಮಾಕ್ಕೆ ಹೋಯಿತು. ಕೋಮಾದಲ್ಲಿರುವವರು ಓಡಾಡುವುದಿಲ್ಲ ಎಂದು ಕ್ಯಾಮೆರಾದವರು ಆಕ್ಷೇಪಿಸಿದ ಕಾರಣ ಮೂರನೆಯದರಲ್ಲಿ ಅವಳಿ ತಂಗಿಯಾಯಿತು. ನಾಲ್ಕನೆಯದರಲ್ಲಿ ಅದು ಜೀವಂತ ಒಳಾಂಗಣ ವಿನ್ಯಾಸಕಿ. ಆದ್ದರಿಂದ ಯಾವ ಕೋಣೆಗೆ ನುಗ್ಗಿದರೂ ಯಾರೂ ಕೇಳುವಂತಿಲ್ಲ. ಸೋಪಿನ ಪುಡಿಯವರು ಪ್ರಾಯೋಜಕರಾದ ಕಾರಣ ದೆವ್ವದ ನಿಲುವಂಗಿಯ ಮೇಲೆ ರಕ್ತದ ಕಲೆಯೂ ಇಲ್ಲ. ಇಷ್ಟನ್ನೂ ನಾನು ಒಪ್ಪಿ ಬರೆದುಕೊಟ್ಟೆ.

೩. ದೆವ್ವದ ಪಾತ್ರಧಾರಿಗೆ ಬಿಳಿ ಲೆನ್ಸ್ ಹಾಕಿ ಕಣ್ಣು ಊದಿಕೊಂಡ ದಿನ, ಆ ನಿಲುವಂಗಿಯ ಅಂಚು ಸರಿಮಾಡಲೆಂದು ಅದನ್ನು ತೊಟ್ಟು ನಿಂತಿದ್ದವರು ವಸ್ತ್ರವಿಭಾಗದ ಟೈಲರ್. ನಿರ್ದೇಶಕರು ನೋಡಿ, "ಇವರೇ ಇರಲಿ, ಮೇಕಪ್ಪೂ ಬೇಡ" ಎಂದರು. ಆ ಟೈಲರ್ ನನ್ನ ಒಡಹುಟ್ಟಿದ ಅಕ್ಕ ಎಂಬ ಸಂಗತಿಯನ್ನು ನಾನು ಕಚೇರಿಗೆ ತಿಳಿಸಿರಲಿಲ್ಲ. ಅವಳೂ ತಿಳಿಸಿರಲಿಲ್ಲ. ಒಂಬತ್ತು ವರ್ಷದಿಂದ ನಮಗೆ ಮಾತಿಲ್ಲ. ಸೆಟ್ಟಿನಲ್ಲಿ ನಾನು ಎದುರಿಗೇ ನಿಂತಿದ್ದರೂ ಅವಳು ಲೈಟಿನವರ ಕಡೆ ತಿರುಗಿ, "ಬರೆಯೋರಿಗೆ ಸ್ವಲ್ಪ ಪಕ್ಕಕ್ಕೆ ಹೋಗೋಕೆ ಹೇಳಿ" ಎನ್ನುತ್ತಿದ್ದಳು.

೪. ಕಾರಣ: ನನ್ನ ಮದುವೆಯಾದಾಗ, ಅಕ್ಕ ಹೊಲಿಗೆ ಮಾಡುತ್ತಿದ್ದ ಕೋಣೆ ನಮಗೆ ಬೇಕಾಯಿತು. ಅವಳ ಯಂತ್ರವನ್ನು ಓಣಿಯಂತಿದ್ದ ನಡುಮನೆಯ ಮೂಲೆಗೆ ಎಳೆದುಹಾಕಿದೆ. "ಎರಡು ತಿಂಗಳು ಅಕ್ಕಾ" ಎಂದಿದ್ದೆ. ಮೂರು ವರ್ಷ ಅವಳು ಹಗಲು ಹೊತ್ತಿನಲ್ಲೂ ದೀಪ ಹಾಕಿಕೊಂಡು ಹೊಲಿದಳು. ಒಂದು ದಿನ ಯಂತ್ರವೂ ಇರಲಿಲ್ಲ, ಅವಳೂ ಇರಲಿಲ್ಲ.

೫. ಇಪ್ಪತ್ತೇಳನೆಯ ದೃಶ್ಯಕ್ಕೆ ನಾನು ದೆವ್ವಕ್ಕೆ ಹದಿನಾಲ್ಕು ಸಾಲು ಶಾಪ ಬರೆದಿದ್ದೆ. ಅಕ್ಕ ಓದಿ, ನೇರವಾಗಿ ನನ್ನ ಕಡೆ ತಿರುಗಿದಳು.

"ಇಷ್ಟೆಲ್ಲಾ ಯಾರು ಮಾತಾಡ್ತಾರೋ? ಮನೆ ಬಿಟ್ಟು ಹೋದವಳು ವಾಪಸ್ ಬಂದ್ರೆ ಮೊದಲು ತನ್ನ ಕಿಟಕಿ ನೋಡ್ತಾಳೆ."

೬. ಕ್ಯಾಮೆರಾ ಶುರುವಾಯಿತು. ನಾಯಕಿ ಬಾಗಿಲು ತೆರೆದು ಕಿರುಚಿದಳು. ಅಕ್ಕ ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಒಳಗೆ ಹೋಗಿ, ಪ್ಲೈವುಡ್ಡಿನ ಕಿಟಕಿಯ ಕಟ್ಟೆ ಸವರಿದಳು. "ನನ್ನ ಮಿಷನ್ ಇಲ್ಲಿತ್ತು. ಸೂಜಿಗೆ ದಾರ ಪೋಣಿಸೋಕೆ ಈ ಕಡೆ ಬೆಳಕು ಚೆನ್ನಾಗಿ ಬರ್ತಿತ್ತು" ಎಂದಳು. ಚಿತ್ರಕಥೆಯಲ್ಲಿ ಹೊಲಿಗೆ ಯಂತ್ರವೇ ಇಲ್ಲ. ಆದರೂ ಯಾರೂ ಕಟ್ ಹೇಳಲಿಲ್ಲ. ತಾವು ಮಾನಿಟರ್ ನೋಡುತ್ತಾ "ಇದರಲ್ಲಿ ಹೆದರಿಕೆ ಎಲ್ಲಿದೆ?" ಎಂದು ಕೇಳಿದಿರಿ. ಅದು ಮಾನಿಟರಿನ ಈಚೆ, ನನ್ನಲ್ಲಿತ್ತು ಎಂದು ಈ ಮೂಲಕ ಉತ್ತರಿಸಿರುತ್ತೇನೆ.

೭. ಇಂದು ಬೆಳಿಗ್ಗೆ ವಸ್ತ್ರದ ಕೋಣೆಗೆ ಹೋದೆ. ಅಕ್ಕ ಗುಂಡಿ ಹಾಕುತ್ತಿದ್ದಳು.

"ಅಕ್ಕಾ, ಕೋಣೆ ಖಾಲಿ ಮಾಡ್ತೀನಿ."

"ನಿನ್ನ ಹೆಂಡತೀನ ಕೇಳಿದ್ಯಾ?"

"ಕೇಳಿದೆ. 'ಇದು ಹೊಳೆಯೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ' ಅಂದ್ಲು."

ಅಕ್ಕ ಹಲ್ಲಿನಿಂದ ದಾರ ಕತ್ತರಿಸಿದಳು. ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ. "ಬರ್ತೀನಿ ಅಂತ ನಾನೇನೂ ಹೇಳಿಲ್ಲ. ಕಿಟಕಿಗೆ ಅಡ್ಡ ಒಂದು ಬೀರು ನಿಲ್ಸಿದೀಯಂತೆ. ಮೊದಲು ಅದನ್ನ ತೆಗಿ. ಆಮೇಲೆ ನೋಡೋಣ."

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ, ಇಪ್ಪತ್ತೇಳನೆಯ ದೃಶ್ಯವನ್ನು ಹಾಗೆಯೇ ಉಳಿಸುವುದು. ದೆವ್ವವು ಕಾದಂಬರಿಯಲ್ಲಿರುವಂತೆ ಸತ್ತಿರತಕ್ಕದ್ದು. ಚಿತ್ರದ ತಮ್ಮನಿಗೆ ತಡವಾಗಲೇಬೇಕು. ನನಗೆ ಇನ್ನೂ ತಡವಾಗಿಲ್ಲವಾದ ಕಾರಣ ನಾಳೆಯಿಂದ ಎರಡು ದಿನ ರಜೆ ಮಂಜೂರು ಮಾಡುವುದು. ಜೊತೆಗೆ ಕಲಾವಿಭಾಗದಿಂದ ನಾಲ್ಕು ಜನರನ್ನು ಕಳುಹಿಸಿಕೊಡುವುದು.

ಸ್ಥಳ: ಬಂಗಲೆಯ ಎರಡನೆಯ ಮಹಡಿ (ಮೊದಲನೆಯದನ್ನು ಕಟ್ಟಿಲ್ಲ).

ನಾಲ್ಕೂ ಆವೃತ್ತಿಗಳಲ್ಲಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
೧) ಹದಿನಾಲ್ಕು ಸಾಲು ಶಾಪ, ಟೈಲರ್ ಚಾಕಿನಿಂದ ಅಡ್ಡಗೆರೆ ಎಳೆದದ್ದು.
೨) ನನ್ನ ಹೆಂಡತಿಯ ಒಪ್ಪಿಗೆ ಪತ್ರ. ಅದರಲ್ಲಿ ನನ್ನ ಬಗ್ಗೆ ಇರುವ ಎರಡನೆಯ ಪ್ಯಾರಾವನ್ನು ಓದುವ ಅಗತ್ಯವಿಲ್ಲ.

ವಿ.ಸೂ: ಸದರಿ ಬೀರು ಥರ್ಮೊಕೋಲಿನದಲ್ಲ, ತೇಗದ್ದು. ಸೆಟ್ಟಿನ ಕಲ್ಲುಕಂಬಗಳನ್ನು ಒಂದೇ ಕೈಯಲ್ಲಿ ಎತ್ತಿ ಅಭ್ಯಾಸವಾದವರಿಗೆ ಇದನ್ನು ಮುಂಚಿತವಾಗಿ ತಿಳಿಸಬೇಕಾಗಿ ಕೋರಿದೆ.