ಬಲೂನಿಗೆ ಮುಂಚೆ ಕಡುಬು

ಹೊಟ್ಟೆಯ ವಿಷಯವನ್ನು ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ನನಗೆ ಮೊದಲಿನಿಂದಲೂ ಸಂಕೋಚ. ಹಾಸ್ಟೆಲಿನಲ್ಲಿದ್ದಾಗ ಹೊಟ್ಟೆನೋವು ಬಂದರೂ ತಲೆನೋವೆಂದೇ ಹೇಳಿ, ನೆತ್ತಿಗೆ ಎಣ್ಣೆ ಹಚ್ಚಿಸಿಕೊಂಡು ಮಲಗಿದವಳು ನಾನು. ಅಂಥವಳ ಪಾಲಿಗೆ ಅಪ್ಪನ ಜಠರ ಬಂತು.

ಅಪ್ಪ ವನಗೂರಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬೆಳಿಗ್ಗೆ ತಿಂದದ್ದು ಸಂಜೆ ಹಾಗೇ ವಾಂತಿಯಾಗಿ, ಬೆಲ್ಟಿಗೆ ಹೊಸ ತೂತು ಕೊರೆಯಬೇಕಾದ ಮೇಲೆ ಆಸ್ಪತ್ರೆಗೆ ಬಂದರು. ಹಳೆಯ ಹುಣ್ಣು ಮಾಯುತ್ತಾ ಜಠರದಿಂದ ಕರುಳಿಗೆ ಹೋಗುವ ದಾರಿಯನ್ನೇ ಬಿಗಿದಿದೆ ಎಂದರು ಡಾಕ್ಟರು. "ಆಸಿಡ್ ಕಡಿಮೆಯಾಗೋ ಮಾತ್ರೆ ಕೊಡ್ತೀವಿ. ಬಾಯಿಂದ ಟ್ಯೂಬ್ ಇಳಿಸಿ, ಬಲೂನ್ ಉಬ್ಬಿಸಿ ಹಿಗ್ಗಿಸಬಹುದು. ಎರಡು ಮೂರು ಸಲ ಬೇಕಾಗಬಹುದು. ಅದಕ್ಕೂ ಬಗ್ಗದಿದ್ರೆ ಆಪರೇಷನ್ ಮಾಡಿ ಬೇರೆ ದಾರಿ."

ಆಪರೇಷನ್ನಿನ ಹೆಸರಿಗೇ ಬೆವರುವ ಅಪ್ಪ, "ಬಲೂನೇ ಇರ್ಲಿ ಸಾರ್. ಸ್ಪ್ರಿಂಕ್ಲರ್ ಪೈಪ್ ಕಟ್ಕಂಡ್ರೆ ನಾವೂ ತಕ್ಷಣ ಕುಯ್ಯಲ್ಲ," ಎಂದರು.

ಒಂದೇ ಷರತ್ತು: ಅದಕ್ಕೆ ಮುಂಚಿನ ಎರಡು ದಿನ ಗಟ್ಟಿ ಆಹಾರ ಕೂಡದು. ಹೊಟ್ಟೆಯಲ್ಲಿ ಅನ್ನ ಉಳಿದಿದ್ದರೆ, ಮಂಪರಿನ ಮದ್ದು ಕೊಟ್ಟಾಗ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯ. ನಾನು ಎಳನೀರಿಗೂ ಅಳತೆ ಬರೆದು ಗೋಡೆಗೆ ಅಂಟಿಸಿದೆ. ಬಲೂನಿನ ಹಿಂದಿನ ದಿನ ಆಲೂರಿನಿಂದ ಅತ್ತೆ ಬಂದರು, ಅಪ್ಪನ ಅಕ್ಕ. ನಮ್ಮಲ್ಲಿ ಕಾಯಿಲೆಯವರನ್ನು ಬರಿಗೈಲಿ ನೋಡುವ ಪದ್ಧತಿಯಿಲ್ಲ. ತಂದದ್ದನ್ನು ಕಾಯಿಲೆಯವರು ಮುಟ್ಟದಿದ್ದರೆ ತಂದವರಿಗೆ ಅವಮಾನ. ಡಬ್ಬಿಯಲ್ಲಿ ಅಕ್ಕಿ ಕಡುಬಿತ್ತು.

"ಸೊರಗಿ ಕಡ್ಡಿಯಾಗ್ಬುಟ್ಟಿದೀಯಲ್ಲೋ ತಮ್ಮಾ! ಹೂವಿನಂಗೈತೆ, ತಿನ್ನು."

"ಮಗಳು ಬೈತಾಳೆ ಕಣಕ್ಕಾ."

"ಅವಳಿಗೇನು ಗೊತ್ತು, ಓದಿದೋಳು!"

ಅಪ್ಪ ತಿಂದದ್ದನ್ನು ಬಾಗಿಲ ಸಂದಿನಿಂದ ಎಣಿಸಿದೆ: ಎರಡು. ಅತ್ತೆಗೆ ಎದುರಾಡುವ ಧೈರ್ಯ ಬರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ, ಏನಾದರೂ ತಿಂದಿದ್ದೀರಾ ಎಂದು ನರ್ಸ್ ಕೇಳಿದರು. "ಬರೀ ನೀರು ಕಣಮ್ಮಾ," ಎಂದರು ಅಪ್ಪ. ಕಾಯುವ ಕೋಣೆಯ ತುಂಬ ಸಕಲೇಶಪುರದ ಪರಿಚಯದ ಮುಖಗಳು. ಆದರೂ "ಕಡುಬು! ಎರಡು!" ಎಂದೆ. ತೂಕ ಹೆಚ್ಚಿಸಲು ಕಾಫಿ ಹಣ್ಣಿನ ಚೀಲಕ್ಕೆ ಎಲೆ ತುಂಬಿ ತಂದ ಆಳುಗಳನ್ನು ನೋಡುವ ಹಾಗೆ ಅಪ್ಪ ನನ್ನನ್ನು ನೋಡಿದರು.

ಮೂಗಿಗೆ ನಳಿಕೆ ಹಾಕಿ ಹೊಟ್ಟೆ ತೊಳೆದು, ಬಲೂನನ್ನು ಮರುದಿನಕ್ಕೆ ಮುಂದೂಡಿದರು. ದಾರಿ ಹಿಗ್ಗಿತು, ಸದ್ಯಕ್ಕೆ ಆಪರೇಷನ್ ಬೇಡ ಎಂದರು ಡಾಕ್ಟರು. ಒಂದೂವರೆ ದಿನ ನನ್ನೊಡನೆ ಮಾತು ಬಿಟ್ಟಿದ್ದ ಅಪ್ಪ, ಮಂಪರು ಇಳಿದ ಮೇಲೆ ಒಡಕು ದನಿಯಲ್ಲಿ ನನ್ನ ಕೈ ಹಿಡಿದು ಹೇಳಿದರು: "ಎರಡಲ್ಲ ಕಣೇ ಮಗಾ, ಮೂರು. ನೀನು ಆ ಕಡೆ ಹೋದ್ಮೇಲೆ ಇನ್ನೊಂದು."

ಕಣ್ಣೊರೆಸಿಕೊಂಡು ನಾನು ನೆಟ್ಟಗೆ ನರ್ಸ್ ಬಳಿ ಹೋದೆ. ಫೈಲಿನಲ್ಲಿ ಎರಡನ್ನು ಮೂರು ಎಂದು ತಿದ್ದಿಕೊಳ್ಳಿ ಎಂದೆ. ಆಕೆ ನನ್ನನ್ನು ನೋಡಿದ ರೀತಿಗೆ, ಮುಂದಿನ ಹಾಸಿಗೆ ನನಗೇ ಕೊಟ್ಟಾರು ಎಂದು ಬೇಗ ಹಿಂತಿರುಗಿದೆ.